ಕಾಫಿಗೆ ಮುಂಚೆ ಹೇಳಿದ ಮಾತು

ಅತ್ತೆಯ ಅಂಗೈಗಳು ಹೊಗೆಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಎಷ್ಟು ತಿಕ್ಕಿ ತೊಳೆದರೂ ಬೆರಳ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅವರು ನೀರು ಕೊಟ್ಟರೆ ಲೋಟಕ್ಕೂ ಆ ಕಹಿ ವಾಸನೆ ಹತ್ತುತ್ತಿತ್ತು.

ಅವರನ್ನು ನಾನು ಮೊದಲು ನೋಡಿದ್ದು ಹುಣಸೂರಿನ ನಮ್ಮ ಮನೆಯಲ್ಲಿ. ಆಗ ನಾನು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಗೂಡ್ಸ್ ಆಟೋ ಓಡಿಸುತ್ತಿದ್ದ ಅವರ ಮಗನನ್ನು ಮೆಚ್ಚಿದ್ದೆ. ಅವನ ಮೊದಲ ಹೆಂಡತಿ ತೀರಿಕೊಂಡಿದ್ದಳೆಂದು ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ. ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಅತ್ತೆಯೇ ಪಿರಿಯಾಪಟ್ಟಣದ ಕಡೆಯಿಂದ ಒಬ್ಬರೇ ಬಸ್ಸು ಹತ್ತಿ ಬಂದರು. ನಮ್ಮವ್ವ ಕಾಫಿ ತಂದಿಟ್ಟಳು.

“ಮೊದ್ಲು ನನ್ ಮಾತು ಕೇಳಿ. ಆಮೇಲೆ ಕಾಪಿ ಕೊಡೋದು ಬುಡೋದು ನಿಮ್ಮಿಷ್ಟ,” ಎಂದರು.

ಮಗನಿಗೆ ಎಚ್‌ಐವಿ ಇತ್ತು. ಹಿಂದೆ ಅವನು ಜ್ವರ ಬಂದು ಮಲಗಿದ್ದಾಗ ಡಾಕ್ಟರೊಬ್ಬರು ಅದನ್ನು ತಾಯಿಗೆ ಹೇಳಿದ್ದರು. ಅತ್ತೆ ಅದನ್ನು ಮಗನಿಗೂ ತಿಳಿಸದೆ ಮದುವೆ ಮಾಡಿಸಿದ್ದರು. ಸೊಸೆ ಒಣಗಿ ಕಡ್ಡಿಯಾಗಿ ಆಸ್ಪತ್ರೆ ಸೇರಿದಾಗಲೇ ಮನೆಯವರಿಗೆಲ್ಲ ಗೊತ್ತಾಗಿದ್ದು. ಅಷ್ಟರಲ್ಲಿ ತಡವಾಗಿತ್ತು.

“ಗೊತ್ತಿದ್ದೂ ಬಾಯ್ ಮುಚ್ಕೊಂಡು ಒಬ್ಳನ್ನ ಮಣ್ಣಿಗಾಕ್ದೆ ಕಣವ್ವ. ನೀನು ಒಲ್ಲೆ ಅಂದ್ರೆ ನಂಗೆ ಬೇಜಾರಿಲ್ಲ.”

ಅವ್ವ ಕಾಫಿ ಲೋಟ ಒಳಗೆ ತೆಗೆದುಕೊಂಡು ಹೋದಳು. ನಾನು ಒಲ್ಲೆ ಎನ್ನಲಿಲ್ಲ. ಮೊದಲು ಡಾಕ್ಟರನ್ನು ಕೇಳೋಣ ಎಂದೆ.

ನಾನು, ಅವನು, ಅತ್ತೆ ಮೂವರೂ ಮೈಸೂರಿನ ಆಸ್ಪತ್ರೆಗೆ ಹೋದೆವು. ಹೆಂಡತಿ ಸತ್ತ ಸಂಕಟದಲ್ಲಿ ಅವನು ತನ್ನ ಮಾತ್ರೆಗಳನ್ನು ಬಿಟ್ಟು, ಈಚೆಗಷ್ಟೇ ಮತ್ತೆ ಶುರು ಮಾಡಿದ್ದ. ಅವನ ರಕ್ತದಲ್ಲಿ ವೈರಸ್ ಪೂರ್ತಿ ಹತೋಟಿಗೆ ಬರುವವರೆಗೆ ನಾನೂ ದಿನಾ ಒಂದು ಮಾತ್ರೆ ನುಂಗಬೇಕು, ಕಾಂಡೋಮ್ ಬಿಡಬಾರದು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದರು ಡಾಕ್ಟರು.

“ಇದು ಕಾಯಿಲೆ ವಾಸಿ ಮಾಡೋ ಮಾತ್ರೆ ಅಲ್ಲಮ್ಮ. ನಿಮಗೆ ಅಂಟದ ಹಾಗೆ ತಡೆಯೋದು.”

“ಇದು ಅವಾಗ್ಲೂ ಇತ್ತಾ ಸ್ವಾಮಿ?” ಅತ್ತೆ ಕೇಳಿದರು.

“ಯಾವಾಗಮ್ಮ?”

ಅತ್ತೆ ನನ್ನ ಮಾತ್ರೆಯ ಡಬ್ಬಿಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡರು.

ಮದುವೆಯಾಯಿತು. ಊಟವಾದ ಮೇಲೆ ನಾನು ಮಾತ್ರೆ ನುಂಗುವವರೆಗೂ ಅತ್ತೆ ಎದುರಿಗೇ ನಿಂತಿರುತ್ತಿದ್ದರು. ಬಾಯಿ ತೆರೆಸಿ ನೋಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಪಕ್ಕದ ಮನೆಯವರು ಯಾವ ಮಾತ್ರೆಯೆಂದು ಕೇಳಿದರೆ “ರಕ್ತ ಕಮ್ಮಿ ಐತೆ ಅವ್ಳಿಗೆ” ಎಂದುಬಿಡುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿದ್ದರು. “ಯಾರ ಜೊತೆ ಅತ್ತೆ?” ಎಂದೆ ಒಂದು ಸಲ.

“ಅವ್ಳೇ, ನಿನ್ಗಿಂತ ಮೊದ್ಲು ಬಂದೋಳು. ಕರುದ್ರೂ ಒಳೀಕ್ ಬರಾಕಿಲ್ಲ ಅಂತಾಳೆ.”

ಅಂದಿನಿಂದ ಕತ್ತಲಾದ ಮೇಲೆ ಆ ಬಾಗಿಲನ್ನು ನಾನು ತೆರೆದಿಲ್ಲ.

ಪ್ರತಿ ಪರೀಕ್ಷೆಯಲ್ಲೂ ನನಗೆ ಏನೂ ಇಲ್ಲವೆಂದೇ ಬಂತು. ಗಂಡನ ವೈರಸ್ ಹತೋಟಿಗೆ ಬಂದು ಹಾಗೇ ಉಳಿದದ್ದನ್ನು ನೋಡಿ ಡಾಕ್ಟರೇ ನನ್ನ ಮಾತ್ರೆ ನಿಲ್ಲಿಸಿದರು. ಅತ್ತೆಗೆ ಮಾತ್ರ ನಂಬಿಕೆ ಬರಲಿಲ್ಲ. ನಾನು ಕೆಮ್ಮಿದರೂ ಎದ್ದು ಬಂದು ಹಣೆ ಮುಟ್ಟುತ್ತಿದ್ದರು.

ಹೋದ ವರ್ಷ ಹಾಸಿಗೆ ಹಿಡಿದರು. ಕೊನೆಯ ದಿನ ನನ್ನ ಕೈ ಹಿಡಿದು ಮೊದಲ ಸೊಸೆಯ ಹೆಸರಿನಿಂದ ಕರೆದರು. “ನಿಂಗೆ ಹೇಳ್ಬೇಕಿತ್ತು ಕಣವ್ವ.”

ಅವಳ ಪರವಾಗಿ ನಾನೇನು ಹೇಳಲಿ? ಕೈ ಬಿಡಿಸಿಕೊಳ್ಳಲಿಲ್ಲ, ಅಷ್ಟೆ.

ಹೊಲದಲ್ಲಿ ಅವಳನ್ನು ಮಣ್ಣು ಮಾಡಿದ ಜಾಗದ ಪಕ್ಕಕ್ಕೇ ತಾಯಿಗೆ ಗುಣಿ ತೋಡಿಸಲು ನನ್ನ ಗಂಡ ಹೊರಟ. ನಾನು ಬೇಡವೆಂದೆ. ಅವಳನ್ನು ಕೇಳದೆ ಈ ಮನೆ ಒಂದು ಸಲ ತೀರ್ಮಾನ ಮಾಡಿದ್ದು ಸಾಕಾಗಿತ್ತು. ಅತ್ತೆಯನ್ನು ಆಚೆ ಬದುವಿನಲ್ಲಿ ಮಣ್ಣು ಮಾಡಿದೆವು. ನನ್ನ ಜೀವ ಕಾದವರು ಅವರು. ಹಿರಿಯರ ಹಬ್ಬಕ್ಕೆ ಅವರಿಗೆ ಎಡೆ ಇಡುತ್ತೇನೆ. ಆದರೆ ಮೊದಲ ಎಡೆ ಅವಳದು.