ಮೂರು ಕಣ್ಣಿನ ಏಡಿ

ನಮ್ಮ ಮನೆಯ ಹಿರಿಸೊಸೆ ಕುಂದಾಪುರದ ಕಡೆಯವಳು, ಕಿರಿಸೊಸೆಯಾದ ನಾನು ಭದ್ರಾವತಿಯವಳು. ಶಿವಮೊಗ್ಗದ ರಾಗಿಗುಡ್ಡದಲ್ಲಿ, ಒಂದೇ ಅಡುಗೆಮನೆಯಲ್ಲಿ ಜಗಳವಾಡುತ್ತಲೇ ಇಬ್ಬರೂ ತಲೆ ನರೆಸಿಕೊಂಡೆವು. ನಾನು ಗದ್ದೆ ಏಡಿ ಸಾರು ಮಾಡಿದ ದಿನ ಅಕ್ಕ ಮೂಗು ಮುರಿಯುತ್ತಿದ್ದಳು.

"ಕೆಸರು ತಿಂದು ಬೆಳೆದದ್ದು. ಏಡಿ ಅಂದ್ರೆ ಸಮುದ್ರದ್ದು ಕಣೇ."

ನಾನೇನು ಕಡಿಮೆಯೇ? "ಐಸಲ್ಲಿ ಮಲಗಿ ಘಾಟಿ ಹತ್ತಿ ಬರೋ ಹೆಣ, ನಿಮ್ಮೂರಿನ ಏಡಿ" ಎನ್ನುತ್ತಿದ್ದೆ.

ಹೋದ ವರ್ಷ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಕೇಳಿದ್ದನ್ನೆಲ್ಲ ಕೊಡಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಆ ಮಾತಿನ ಅರ್ಥ ಅವಳಿಗೂ ಗೊತ್ತಿತ್ತು. ಗಂಜಿಯನ್ನೂ ದೂಡುತ್ತಿದ್ದವಳು ಒಂದು ಬೆಳಿಗ್ಗೆ, "ಮೂರು ಕಣ್ಣಿನ ಏಡಿ ತಿನ್ಬೇಕು ಅನ್ನಿಸ್ತಿದೆ" ಎಂದಳು. ಏನಾದರೂ ತಿನ್ನುತ್ತಾಳಲ್ಲ ಎಂದು ಚೀಲ ಹಿಡಿದು ಓಡಿದೆ.

ತಂದದ್ದನ್ನು ನೋಡಿ, "ಇದಲ್ಲ ಮಾರಾಯ್ತಿ, ಇದು ನೀಲಿ ಏಡಿ" ಎಂದಳು. ಮಲಗಿದಲ್ಲಿಂದಲೇ ಪಾಠ ಶುರುವಾಯಿತು. ಈಜುವ ಏಡಿಗಳಿಗೆಲ್ಲ ಕೊನೆಯ ಜೋಡಿ ಕಾಲು ದೋಸೆ ಸಟ್ಟುಗದ ಹಾಗೆ ಚಪ್ಪಟೆ. ಅಷ್ಟೇ ನೋಡಿದರೆ ಮೋಸಹೋಗುತ್ತೀಯ. ಬೆನ್ನಿನ ಚಿಪ್ಪಿನ ಹಿಂಭಾಗದಲ್ಲಿ ಮೂರು ಕೆಂಪು ಬೊಟ್ಟು, ಸುತ್ತ ಬಿಳಿ ಅಂಚು ಇರಬೇಕು. ಅವೇ ಕಣ್ಣು.

ಆಮೇಲೆ ಶಿವಮೊಗ್ಗದ ಮಾರ್ಕೆಟ್ಟಿನಲ್ಲಿ ಏಡಿಗಳನ್ನು ತಿರುಗಿಸಿ ತಿರುಗಿಸಿ ನೋಡುವುದೇ ನನ್ನ ಕೆಲಸವಾಯಿತು. "ಏಡಿ ತಗೊಳ್ತೀರೋ, ಜಾತಕ ನೋಡ್ತೀರೋ ಅಮ್ಮ?" ಎಂದು ಮೀನಿನವನು ರೇಗಿದ. ದಿನದಿಂದ ದಿನಕ್ಕೆ ಅಕ್ಕ ಹಾಸಿಗೆಗೆ ಅಂಟಿಕೊಳ್ಳುತ್ತಿದ್ದಳು, ನನಗೆ ಒಳಗೊಳಗೇ ದಿಗಿಲು. ಕೊನೆಗೆ ಭದ್ರಾವತಿಯ ಅಂಗಡಿಯೊಂದರಲ್ಲಿ, ಐಸಿನ ಅಡಿಯಲ್ಲಿ ಮೂರು ಬೊಟ್ಟು ಕಂಡವು. ಅಂಗಡಿಯವನ ಮುಂದೆಯೇ ಅತ್ತುಬಿಟ್ಟೆ.

ಅಕ್ಕ ಬೊಟ್ಟುಗಳ ಮೇಲೆ ಬೆರಳಾಡಿಸಿ, "ಇದೇ" ಎಂದಳು. ಅವಳು ಹೇಳಿದಂತೆ ಕಾಯಿ ಅರೆದು ಸಾರು ಮಾಡಿದೆ. ಒಂದು ಚಮಚ ಒಳಗೆ ಹೋಯಿತು, ಹಾಗೇ ಹೊರಗೆ ಬಂತು. ಬಾಯಿ ಒರೆಸಿದೆ. ಅವಳು ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ನೀನು ತಿನ್ನು. ನಾನು ನೋಡ್ತೀನಿ."

ಸಮುದ್ರದ ಏಡಿ ಬೇಯುವಾಗ ಆ ವಾಸನೆಗೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದವಳು ನಾನು. ಕಾಲು ಮುರಿದು ಬಾಯಿಗಿಟ್ಟೆ.

"ಸಿಹಿ ಇದ್ಯಾ?"

"ಇದೆ ಅಕ್ಕ."

ನಿಜಕ್ಕೂ ನನಗೆ ಯಾವ ರುಚಿಯೂ ತಿಳಿಯಲಿಲ್ಲ. ತಲೆ ಎತ್ತಿದರೆ, ಅಕ್ಕ ನನ್ನ ಜೊತೆಜೊತೆಗೇ ಖಾಲಿ ಬಾಯಿಯನ್ನು ಮೆಲ್ಲಗೆ ಅಗಿಯುತ್ತಿದ್ದಳು. ನಾನು ನಿಲ್ಲಿಸಿದರೆ ಅವಳೂ ನಿಲ್ಲಿಸಬೇಕಲ್ಲ ಎಂದು, ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದೆ.