ನಾಲ್ಕೂವರೆಯ ಗಂಟೆ

ನಮ್ಮ ಶಾಲೆಯ ಗಂಟೆ ಗಂಟೆಯೇ ಅಲ್ಲ. ಹೊಂಗೆ ಮರಕ್ಕೆ ತಂತಿಯಲ್ಲಿ ಬಿಗಿದ, ಒಂದು ಮೊಳದ ರೈಲು ಕಂಬಿ. ರೈಲೇನೋ ಚಾಮರಾಜನಗರದವರೆಗೆ ಬಂದು, ಮುಂದೆ ಹಳಿಯಿಲ್ಲವೆಂದು ನಿಂತುಬಿಡುತ್ತದೆ. ಈ ತುಂಡೊಂದು ಮಾತ್ರ ಅಲ್ಲಿಗೂ ನಿಲ್ಲದೆ ಉಡಿಗಾಲದಾಚೆಯ ಈ ಹಳ್ಳಿಗೆ ಹೇಗೆ ಬಂತೋ, ಗುಂಡ್ಲುಪೇಟೆಯಿಂದ ವರ್ಗವಾಗಿ ಬಂದ ನನಗೆ ತಿಳಿಯದು. ಏಕೋಪಾಧ್ಯಾಯ ಶಾಲೆಯಾದ್ದರಿಂದ ಹೆಡ್‌ಮಾಸ್ಟರೂ ನಾನೇ, ಜವಾನನೂ ನಾನೇ. ಕಂಬಿಗೆ ಬಾರಿಸುವ ಸುತ್ತಿಗೆಯೂ ನನ್ನದೇ.

ಅಧಿಕಾರ ಎಷ್ಟು ಚಿಕ್ಕದಾದರೂ ತಲೆಗೇರಲು ತಡವಾಗುವುದಿಲ್ಲ, ನೋಡಿ. ನನಗೆ ಲೆಕ್ಕದ ಪಾಠವೆಂದರೆ ಪ್ರಾಣ. ಭಾಗಾಕಾರವೊಂದು ಬೋರ್ಡಿನ ಮೇಲೆ ಅರ್ಧಕ್ಕೆ ನಿಂತಿರುವಾಗ ನಾಲ್ಕೂವರೆಯಾಯಿತೆಂದು ಕೈಬಿಡುವುದು, ಉಣ್ಣುತ್ತಿರುವವರ ಮುಂದಿನ ಎಲೆ ಎಳೆದಷ್ಟೇ ಪಾಪವೆಂದು ನಂಬಿದ್ದೆ. ಹಾಗಾಗಿ ಸಂಜೆಯ ಗಂಟೆ ಒಮ್ಮೆ ಐದಕ್ಕೆ, ಒಮ್ಮೆ ಐದೂಕಾಲಿಗೆ. ಗಡಿಯಾರಕ್ಕೆ ಹೆದರುವ ಮೇಷ್ಟ್ರು ನಾನಲ್ಲವೆಂದು ಒಳಗೊಳಗೇ ಬೀಗುತ್ತಿದ್ದೆ. ನನ್ನ ಈ ನಿಷ್ಠೆಗೆ ಮನಸೋಲದವಳೆಂದರೆ ನಾಲ್ಕನೇ ತರಗತಿಯ ಮಹದೇವಿ. ನಾಲ್ಕೂವರೆ ಹತ್ತಿರವಾಗುತ್ತಲೇ ಅವಳ ಕಣ್ಣು ಬೋರ್ಡು ಬಿಟ್ಟು ಕಿಟಕಿಗೆ ಹೋಗುತ್ತಿತ್ತು. ಮನೆಗೆ ಓಡುವ ಆತುರವೆಂದುಕೊಂಡು ಎಷ್ಟೋ ಸಂಜೆ ಅವಳನ್ನು ಎದ್ದು ನಿಲ್ಲಿಸಿದ್ದೇನೆ.

ಒಂದು ದಿನ ನಾನು ಬಸ್ಸಿಗೆ ಕಾಯುತ್ತಿದ್ದಾಗ ಅವಳ ತಾಯಿ ಪುಟ್ಟಮ್ಮ, ಕೈಕಾಲಿನ ಮಣ್ಣನ್ನೂ ತೊಳೆಯದೆ, ಕಂಕುಳಲ್ಲಿ ಹಾಲು ಕುಡಿಯುವ ಕೂಸನ್ನಿಟ್ಟುಕೊಂಡು ಬಂದಳು.

“ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ಅರಿಸಿನದ ಒಲದಲ್ಲಿ ಕಳೆ ಕೀಳೋ ಎಂಗುಸ್ರ ಕೈಲಿ ವಾಚ್ ಇದ್ದದಾ? ನೀವು ಕಂಬಿ ಒಡುದ್ರೇನೇ ಒಲದವ್ರು ನಮ್ಮುನ್ನ ಬುಡೋದು. ನೀವು ಲೆಕ್ಕ ಇಡ್ಕಂಡು ಕುಂತ್ಬುಟ್ರೆ, ಮನೇಲಿ ಈ ಕೂಸು ಅತ್ತು ಅತ್ತು ಸೋತೋಯ್ತದೆ ಕಣಿ.”

ಪುಟ್ಟಮ್ಮ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಮರುದಿನ ಮಕ್ಕಳು ಬರುವ ಮೊದಲೇ ಹೋಗಿ ಮಹದೇವಿಯ ಜಾಗದಲ್ಲಿ ಕುಳಿತು ನೋಡಿದೆ. ಕಿಟಕಿಯಾಚೆ ಅರಿಸಿನದ ಹೊಲ, ಅಲ್ಲಿ ಆಗಲೇ ಬಗ್ಗಿದ್ದ ಏಳೆಂಟು ಬೆನ್ನುಗಳು. ನಾನು ಶಿಕ್ಷಿಸಿದ್ದು, ಅಮ್ಮನ ಬಿಡುಗಡೆಗೆ ಕಾಯುತ್ತಿದ್ದ ಮಗಳನ್ನು. ಎದ್ದು ನಿಂತಾಗ ಅವಳಿಗೆ ಹೊಲ ಇನ್ನೂ ಚೆನ್ನಾಗಿ ಕಂಡಿರಬೇಕು. ಬಹಳ ನಾಚಿಕೆಯಾಯಿತು. ಇಷ್ಟು ವರ್ಷ ಮಕ್ಕಳಿಗೆ ಕೂಡಿ ಕಳೆಯುವುದನ್ನು ಕಲಿಸಿದವನು, ನನ್ನ ಸುತ್ತಿಗೆಯ ಸದ್ದು ಎಷ್ಟು ದೂರ ಹೋಗುತ್ತದೆಂದು ಲೆಕ್ಕ ಹಾಕಿರಲೇ ಇಲ್ಲ.

ಅಂದಿನಿಂದ ನಾಲ್ಕೂವರೆಯೆಂದರೆ ನಾಲ್ಕೂವರೆ. ಲೆಕ್ಕ ಉಳಿದರೆ ಗಂಟೆಯಾದ ಮೇಲೆ, ಇಷ್ಟವಿದ್ದವರಿಗೆ ಮಾತ್ರ. ಮೊದಲ ಸಂಜೆ ನಲವತ್ತು ಮಕ್ಕಳಲ್ಲಿ ಉಳಿದವರು ನಾಲ್ಕೇ ಮಂದಿ. ನನ್ನ ಪಾಠದ ನಿಜವಾದ ಬೆಲೆ ತಿಳಿದು ತಲೆ ಸ್ವಲ್ಪ ಹಗುರವಾಯಿತು. ಆ ನಾಲ್ವರಲ್ಲಿ ಮಹದೇವಿಯೂ ಇದ್ದಳು.

ಈಗ ಸುತ್ತಿಗೆ ಅವಳ ಕೈಗೆ ಹೋಗಿದೆ. ನನ್ನ ವಾಚು ನೋಡಿ ಓಡುತ್ತಾಳೆ, ಹೊಂಗೆಯ ನೆರಳಲ್ಲಿ ತುದಿಗಾಲಲ್ಲಿ ನಿಂತು ಬಾರಿಸುತ್ತಾಳೆ. ಹೊಲದಲ್ಲಿ ಬೆನ್ನುಗಳು ಒಂದೊಂದಾಗಿ ನೆಟ್ಟಗಾಗುತ್ತವೆ. ಅವುಗಳಲ್ಲಿ ತನ್ನ ಅಮ್ಮನದು ಕಾಣುವವರೆಗೂ ಬಾರಿಸುತ್ತಲೇ ಇರುತ್ತಾಳೆ. ಆಮೇಲೆ ಒಳಗೆ ಬಂದು, ಕಿಟಕಿಗೆ ಬೆನ್ನು ಮಾಡಿ ಕುಳಿತು, ಸ್ಲೇಟು ಒರೆಸಿಕೊಂಡು ಕೇಳುತ್ತಾಳೆ:

“ಎಲ್ಲಿಗೆ ನಿಂತಿತ್ತು ಸಾ, ಲೆಕ್ಕ?”