ಮೌಶಿಯ ಚೌಕಾಶಿ

ಹೋದ ತಿಂಗಳು ಸಿಡ್ನಿಯ ಟೂಂಗಾಬಿಯ ಒಂದು ಅಂಗಡಿಯಲ್ಲಿ ಅವಲಕ್ಕಿಯ ಚೀಲ ಹರಿದು ನೆಲಕ್ಕೆಲ್ಲ ಚೆಲ್ಲಿತ್ತು. ಪಕ್ಕದಲ್ಲೇ ಯಾರೋ ಏಲಕ್ಕಿ ತೂಗಿಸುತ್ತಿದ್ದರು. ಕೌಂಟರಿನ ಮೇಲೆ ಪೂಜೆಗೆಂದು ತರಿಸಿದ ಗುಲಾಬಿಯ ಬಕೆಟ್ಟು. ಮೂರೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದಾಗ ನಾನು ಟ್ರಾಲಿ ಹಿಡಿದುಕೊಂಡು ನಿಂತೇಬಿಟ್ಟೆ. ಮದುವೆಯೊಂದಕ್ಕೆಂದು ಮೆಲ್ಬರ್ನಿನಿಂದ ಸಿಡ್ನಿಗೆ ಬಂದಿದ್ದೆವು. ಯಜಮಾನರು ಹಿಂದಿನಿಂದ, "ಏನಾತು? ಬಿಪಿ ಗುಳಗಿ ತಗೊಂಡೀ ಇಲ್ಲೋ?" ಎಂದರು.

ಬಿಪಿ ಅಲ್ಲ. ಮೌಶಿ…

ಎಂಬತ್ತರ ದಶಕದ ಕೊನೆಗೆ ನಾವು ಬೆಳಗಾವಿಯಿಂದ ಸಿಡ್ನಿಗೆ ಬಂದು ಗಿರಾವೀನಿನಲ್ಲಿ ಬಾಡಿಗೆಗಿದ್ದಾಗ ಮೌಶಿ ಪಕ್ಕದ ಮನೆಯವರು. ನಂಟೇನಿಲ್ಲ, ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಮೌಶಿ ಎನ್ನುತ್ತಿದ್ದೆ. ಮುಂಬಯಿಯವರು, ಗಂಡನನ್ನು ಕಳೆದುಕೊಂಡವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ರಿಟೈರ್ ಆದವರು. ಫ್ರಾಕು ತೊಡುತ್ತಿದ್ದರು, ಹಣೆಗೆ ಕುಂಕುಮವಿಲ್ಲ, ಬಾಯಿ ಬಿಟ್ಟರೆ ಅಪ್ಪಟ ಕೊಂಕಣದ ಮರಾಠಿ. ನಾನು ಬೆಳಗಾವಿಯವಳಾದ್ದರಿಂದ ನಮ್ಮಿಬ್ಬರ ಮಾತೆಲ್ಲ ಮರಾಠಿಯಲ್ಲೇ ನಡೆಯುತ್ತಿತ್ತು. ಇಲ್ಲಿ ಅದನ್ನು ನನ್ನ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫ್ರಾಕು ನೋಡಿ ನಾನು ಅವರನ್ನು ಕ್ರಿಶ್ಚಿಯನ್ನರೆಂದು ತೀರ್ಮಾನ ಮಾಡಿಬಿಟ್ಟಿದ್ದೆ. ಕೇಳುವ ಗೋಜಿಗೇ ಹೋಗಿರಲಿಲ್ಲ.

ಆಗ ನಾನು ಗ್ಯಾರೇಜಿನಲ್ಲಿ ಸೀರೆ, ಚಟ್ನಿಪುಡಿ ಮಾರುತ್ತಿದ್ದೆ. ಅಪ್ಪನ ದುಡ್ಡಿಲ್ಲ, ಗಂಡನ ದುಡ್ಡಿಲ್ಲ, ಎಲ್ಲ ನನ್ನ ಬಾಯಿಯ ಬಲದ ಮೇಲೆ. ಹೊಸದಾಗಿ ಬಂದವರಿಗೆ ಇಂದಿಗೂ ಹೇಳುತ್ತೇನೆ: ಹಣ್ಣಿನ ಮಾರ್ಕೆಟ್ಟಿಗೆ ಮುಚ್ಚುವ ಹೊತ್ತಿಗೆ ಹೋಗಿ, ಮೊದಲು ಬೇಡವೆನ್ನಿ, ಮತ್ತು ಕೆಲಸದ ಹುಡುಗನ ಹತ್ತಿರ ಎಂದೂ ಚೌಕಾಶಿ ಮಾಡಬೇಡಿ. ರೇಟು ಇಳಿಸುವ ಅಧಿಕಾರ ಅವನಿಗಿಲ್ಲ. ಮಾಲೀಕನನ್ನು ಹುಡುಕಿ.

ಒಂದು ಶುಕ್ರವಾರ ಮೌಶಿಯ ಜೊತೆ ಮಾರ್ಕೆಟ್ಟಿಗೆ ಹೋದಾಗ ಅವರು ಬಾಳೆಹಣ್ಣು, ದಾಳಿಂಬೆ, ತೆಂಗಿನಕಾಯಿ ಆರಿಸಿ, ಕೇಳಿದಷ್ಟು ಕೊಟ್ಟು ಚೀಲ ತುಂಬಿಕೊಂಡರು. ನಾನು ಅವರ ತೋಳು ಹಿಡಿದೆಳೆದೆ.

"ಮೌಶಿ, ಅರ್ಧಕ್ಕ ಕೊಡಿಸ್ತಿದ್ದೆ ನಾ! ಬಾಯಿ ಇಲ್ಲೇನು ನಿಮಗ?"

"ಇದು ತಿನ್ನಾಕಲ್ಲವಾ, ತಟ್ಟಿಗೆ. ಇದರಾಗ ಚೌಕಾಶಿ ಮಾಡಬಾರದು. ಮಧ್ಯಾಹ್ನ ಬಾ, ತಿಳೀತದ."

ಬರಿಗೈಯಲ್ಲಿ ಹೋಗಬಾರದಲ್ಲ. ಕ್ರಿಸ್ಮಸ್ ಮುಗಿದ ಮೇಲೆ ಕ್ಲಿಯರೆನ್ಸ್ ಸೇಲಿನಲ್ಲಿ ಒಂದು ಪಿಂಗಾಣಿಯ ದೇವದೂತೆಯನ್ನು ಅಗ್ಗಕ್ಕೆ ಹೊಡೆದುಕೊಂಡಿದ್ದೆ. ಬಿಳಿ ರೆಕ್ಕೆ, ಗುಂಗುರು ಕೂದಲು, ಕೈಯಲ್ಲೊಂದು ತುತ್ತೂರಿ. ಅದನ್ನೇ ಬಣ್ಣದ ಕಾಗದದಲ್ಲಿ ಸುತ್ತಿಕೊಂಡು ಹೋದೆ.

ಮೌಶಿಯ ಮೇಜಿನ ಮೇಲೆ ದೊಡ್ಡ ತಟ್ಟೆ. ನೆನೆಸಿದ ಅವಲಕ್ಕಿ, ತುರಿದ ಕಾಯಿ, ಸಕ್ಕರೆ, ಏಲಕ್ಕಿ, ಸುತ್ತಲೂ ಹಣ್ಣು, ನಡುವೆ ಒಂದು ಗುಲಾಬಿ. ನಾನು ದಂಗಾದೆ. ನಮ್ಮ ಗೋಕುಲಾಷ್ಟಮಿಯ ನೈವೇದ್ಯವೇ ಫ್ರಾಕಿನವರ ಮನೆಯಲ್ಲಿ! ಮೌಶಿ ತಲೆಗೆ ಸೆರಗಿನಂತೆ ಸ್ಕಾರ್ಫು ಹೊದ್ದು, ಮೇಣದಬತ್ತಿ ಹಚ್ಚಿ, ನನಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಏನೋ ಹೇಳಿದರು. ಎಲಿಯಾಹು ಎಂಬ ಹೆಸರು ಮಾತ್ರ ಮತ್ತೆ ಮತ್ತೆ ಕೇಳಿಸಿತು.

ಮೌಶಿ ಯೆಹೂದಿಗಳು. ಎಷ್ಟೋ ಶತಮಾನಗಳ ಹಿಂದೆ ಹಡಗು ಒಡೆದು ಕೊಂಕಣದ ದಂಡೆಗೆ ಬಂದು ಬಿದ್ದ ಜನವಂತೆ. ಗಾಣದ ಕಸುಬು. ಶನಿವಾರ ಗಾಣ ಹೂಡದ ಕಾರಣ ಊರವರು ಅವರನ್ನು ಶನಿವಾರದ ಗಾಣಿಗರೆಂದೇ ಕರೆಯುತ್ತಿದ್ದರಂತೆ. ಆ ತಟ್ಟೆಯ ಹೆಸರು ಮಲಿದಾ. ನಮ್ಮ ಕಡೆ ಮೊಹರಮ್ಮಿಗೆ ರೊಟ್ಟಿ ಪುಡಿಮಾಡಿ ಬೆಲ್ಲ ಕಲಸುವ ಮಲಿದಾ ಬೇರೆ, ಇದು ಬೇರೆ. ಹರಕೆ ಕೈಗೂಡಿದಾಗ ಪ್ರವಾದಿ ಎಲಿಯಾಹುವನ್ನು ನೆನೆದು ಮಾಡುವಂಥದ್ದು.

ಕಾಗದ ಬಿಚ್ಚಿ ನನ್ನ ಗೊಂಬೆಯನ್ನು ನೋಡಿದ ಮೌಶಿ ಮೊದಲು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಕುರ್ಚಿಯಲ್ಲಿ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಇದಕ್ಕ ರೆಕ್ಕಿ ಯಾರು ಹಚ್ಚಿದ್ರವಾ? ವಾಪಸ್ ಕೊಟ್ಟು ರೊಕ್ಕಾ ಇಸ್ಕೋ."

"ಕ್ಲಿಯರೆನ್ಸಿಂದು ಮೌಶಿ, ವಾಪಸ್ ತಗೊಳ್ಳಾಂಗಿಲ್ಲ."

"ರೆಕ್ಕಿ ಇರೋವ್ರು ದೇವರ ಗದ್ದಿಗಿ ಸುತ್ತ ಇರ್ತಾರ. ನಮ್ಮ ಮನಿಗೆ ಕೆಲಸದ ಮ್ಯಾಲ ಬರೋವ್ರು ನಡಕೋತನ ಬರ್ತಾರ. ಕಾಲೆಲ್ಲ ಧೂಳಿ."

ಅವರ ಹಳೆಯ ಹೀಬ್ರೂ ಧರ್ಮಗ್ರಂಥದಲ್ಲಿ ದೇವದೂತನೆಂದರೆ ಸುದ್ದಿ ತರುವವನು, ಅಷ್ಟೇ. ಅಬ್ರಹಾಮನೆಂಬ ಮುದುಕ ಸುಡುಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದಾಗ ಮೂವರು ದಾರಿಹೋಕರು ಕಾಣಿಸಿದರಂತೆ. ಯಾರೆಂದು ಕೇಳಲಿಲ್ಲ. ಓಡಿಹೋಗಿ ಕರೆತಂದು, ಕಾಲಿಗೆ ನೀರು ಕೊಟ್ಟು, ರೊಟ್ಟಿ ಸುಡಿಸಿ, ಮರದಡಿ ಕೂರಿಸಿ ಬಡಿಸಿದ. ಉಂಡವರು, ಬರುವ ವರ್ಷ ಈ ಹೊತ್ತಿಗೆ ನಿನ್ನ ಹೆಂಡತಿಯ ಮಡಿಲಲ್ಲಿ ಮಗನಿರುತ್ತಾನೆ ಎಂದರು. ಗುಡಾರದೊಳಗೆ ಕಿವಿಯಾನಿಸಿ ನಿಂತಿದ್ದ ಮುದುಕಿ ಸಾರಾ ನಕ್ಕುಬಿಟ್ಟಳು.

ನಾನು ನಗಲಿಲ್ಲ. ಮದುವೆಯಾಗಿ ಹದಿನಾರು ವರ್ಷ, ಮಕ್ಕಳಿರಲಿಲ್ಲ. ಸಿಡ್ನಿಯ ಡಾಕ್ಟರರು ಕೈಚೆಲ್ಲಿದ್ದರು.

"ಮೌಶಿ, ನಮ್ಮನೀ ಕಡೆನೂ ಬಂದು ಹೋಗ್ರಿ ಅಂತ ಹೇಳ್ರಿ ಅವರಿಗೆ," ಎಂದೆ. "ಒಂದಲ್ಲ, ಐದು ತಟ್ಟಿ ಮಲಿದಾ ಮಾಡಸ್ತೀನಿ. ಆರಕ್ಕ ಅಂದ್ರ ಆರು."

ಮೌಶಿಯ ನಗು ನಿಂತಿತು.

"ಅವರನ್ನ ಚೇಷ್ಟಿಗೆ ಕರೀಬ್ಯಾಡ. ಅದೇ ಮಂದಿ ಅಲ್ಲಿಂದೆದ್ದು ಎಲ್ಲಿಗೆ ಹೋದ್ರು ಗೊತ್ತೇನು? ಸೊದೋಮ್ ಅಂತ ಊರಿಗೆ. ಮರುದಿನ ಆ ಊರು ಸುಟ್ಟು ಹೋತು. ಕೂಸಿನ ಸುದ್ದಿ ತಂದ ಕಾಲೇ ಅವು. ಅದೇ ಧೂಳಿ."

ನನ್ನ ಕೈಯಲ್ಲಿದ್ದ ಬಾಳೆಹಣ್ಣು ಕೈಯಲ್ಲೇ ಉಳಿಯಿತು.

"ಮತ್ತ ನೀ ಯಾರ ಜೋಡಿ ಚೌಕಾಶಿ ಮಾಡಾಕತ್ತೀ? ಅವರು ಸುದ್ದಿ ಮುಟ್ಟಸೋವ್ರು. ರೇಟು ಅವರ ಕೈಯಾಗಿಲ್ಲ. ನೀನ ಹೇಳ್ತೀಯಲ್ಲ, ಮಾಲೀಕನ್ನ ಹಿಡೀರಿ ಅಂತ? ಅಬ್ರಹಾಮನೂ ಹಂಗ ಮಾಡಿದ. ದೂತರನ್ನ ಮುಂದ ಹೋಗಗೊಟ್ಟ. ತಾ ಅಲ್ಲೇ ದೇವರ ಮುಂದ ನಿಂತ. ಊರಾಗ ಐವತ್ತು ಮಂದಿ ಚಲೋವ್ರಿದ್ರ ಉಳಸ್ತೀಯಾ ಅಂದ. ಹ್ಞೂಂ ಅಂದ ದೇವರು. ನಲವತ್ತೈದು? ನಲವತ್ತು? ಮೂವತ್ತು? ಇಳಸಿ ಇಳಸಿ ಹತ್ತಕ್ಕ ತಂದ. ಊರಾಗ ಆ ಹತ್ತೂ ಸಿಗಲಿಲ್ಲ."

"ಹತ್ತಕ್ಕ ಯಾಕ ಬಿಟ್ಟ? ನಾನಾಗಿದ್ರ ಒಂದಕ್ಕ ಇಳಸತಿದ್ದೆ," ಎಂದೆ.

ಮೌಶಿ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಹಿಡಿ ಮಲಿದಾ ನನ್ನ ಕೈಗೆ ಹಾಕಿದರು.

ತೊಂಬತ್ತರ ಆರಂಭದಲ್ಲಿ ಯಜಮಾನರ ಕೆಲಸ ಮೆಲ್ಬರ್ನಿಗೆ ಬದಲಾಯಿತು. ಕ್ರಾನ್‌ಬರ್ನಿನಲ್ಲಿ ಮನೆ ಮಾಡಿದೆವು. ಸುತ್ತ ಬರೀ ಹುಲ್ಲುಗಾವಲು, ಕುದುರೆ. ಕನ್ನಡದವರು ಬೇಕೆಂದರೆ ಕಾರಿನಲ್ಲಿ ಹೋಗಬೇಕು. ಅಲ್ಲಿ, ನಾನು ಆಸೆಯ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ ಮೇಲೆ, ಬಸಿರಾದೆ. ನನಗೇ ನಂಬಿಕೆ ಬರಲಿಲ್ಲ. ಮೊದಲು ಫೋನ್ ಮಾಡಿದ್ದು ಮೌಶಿಗೆ. ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಎಷ್ಟು ತಿಂಗಳೆಂದು ಮಾತ್ರ ಕೇಳಿದರು. ಆಮೇಲೆ, "ಚಲೋ ಆತು. ಭಾರ ಎತ್ತಬ್ಯಾಡ," ಎಂದರು.

ಏಳು ತಿಂಗಳು ತುಂಬಿತ್ತು. ಅಡುಗೆಮನೆಯಲ್ಲಿ ನಿಂತವಳಿಗೆ ಹೊಟ್ಟೆಯಲ್ಲಿ ಏನೋ ಕಿತ್ತುಬಂದಂತಾಯಿತು. ನೆಲದ ಮೇಲಿನ ರಕ್ತ ನನ್ನದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು… ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಯಜಮಾನರು ಕಾಲ ಬಳಿ ನಿಂತಿದ್ದರು. ಅವರ ಮುಖ ನೋಡಿ ನಾನು ಏನನ್ನೂ ಕೇಳಲಿಲ್ಲ. ಹೆಣ್ಣಾಗಿತ್ತಂತೆ.

ಮನೆಗೆ ಬಂದೆವು. ದೊಡ್ಡವರು ಸತ್ತರೆ ಏನು ಮಾಡಬೇಕೆಂದು ನಮ್ಮವರಿಗೆ ಗೊತ್ತು. ಆ ಮನೆಯ ಒಲೆ ಹೊತ್ತಿಸುವುದಿಲ್ಲ, ನೆಂಟರು ಅಡುಗೆ ತರುತ್ತಾರೆ, ದಿನ ಎಣಿಸುತ್ತಾರೆ. ಅಳುವ ಮೊದಲೇ ಹೋದ ಕೂಸಿಗೆ ಸೂತಕದ ಲೆಕ್ಕ ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಊರಿನಿಂದ ಅತ್ತೆಯವರು ಫೋನಿನಲ್ಲಿ, "ಅದರ ಸುದ್ದಿ ಎತ್ತಬ್ಯಾಡ್ರಿ" ಎಂದಷ್ಟೇ ಹೇಳಿ ಇಟ್ಟರು. ಹತ್ತಿರದ ಡ್ಯಾಂಡಿನಾಂಗಿನಿಂದ ಬಂದ ಬೆಂಗಳೂರಿನ ಆಂಟಿಯೊಬ್ಬರು ಬಾಗಿಲಲ್ಲೇ ನಿಂತು, "ಬಿಡಿಮ್ಮಾ, ಇನ್ನೊಂದಾಗುತ್ತೆ. ಮೈಗೆ ರೆಸ್ಟ್ ಕೊಡಿ," ಎಂದು ಹೊರಟರು. ಒಳಗೆ ಬಂದರೆ ಸ್ನಾನ ಮಾಡಬೇಕೋ ಬೇಡವೋ ಎಂಬುದು ಅವರಿಗೂ ತಿಳಿದಿರಲಿಲ್ಲ, ಪಾಪ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಊಟ ಬೇಡ, ನೀರು ಬೇಡ. ಊರೆಲ್ಲಕ್ಕೆ ಬುದ್ಧಿ ಹೇಳುವವಳ ಬಾಯಿ ಬಿದ್ದುಹೋಗಿತ್ತು.

ಒಂದು ಬೆಳಿಗ್ಗೆ ಭಕ್ಕರಿ ರೊಟ್ಟಿ ಸುಡುವ ವಾಸನೆ ಬಂತು. ಭುಜದ ಮೇಲೆ ಯಾರದೋ ಕೈ.

"ಏಳು. ಉಣ್ಣು."

ಮೌಶಿ! ಸಿಡ್ನಿಯಿಂದ ಕೋಚ್ ಬಸ್ಸಿನಲ್ಲಿ, ಆ ವಯಸ್ಸಿನಲ್ಲಿ, ಒಬ್ಬರೇ. ಕಾಲು ಊದಿ ಚಪ್ಪಲಿಯ ಪಟ್ಟಿಯ ಗುರುತು ಮೂಡಿತ್ತು. ತಲೆದಿಂಬಿನ ಬಳಿ ಭಕ್ಕರಿ, ಒಂದು ತಂಬಿಗೆ ನೀರು. ಒಂದು ತುತ್ತು ತಿಂದು ಮತ್ತೆ ಗೋಡೆಯತ್ತ ತಿರುಗಿದೆ. ಹೊತ್ತು ಏರಿದ ಮೇಲೆ ಮತ್ತೆ ಕೈ.

"ಏಳು, ಉಣ್ಣು. ದಾರಿ ಭಾಳ ದೂರ ಅದ, ಉಣ್ಣದಿದ್ರ ನಿನ್ನ ಕೈಲಿ ಆಗಾಂಗಿಲ್ಲ."

ಎಲಿಯಾಹು ಕೂಡ ಹೀಗೇ ಮಲಗಿದ್ದನಂತೆ. ಮರುಭೂಮಿಯಲ್ಲಿ ಒಂದು ಕುರುಚಲು ಗಿಡದ ಕೆಳಗೆ, ಸಾಕು ನನ್ನ ಜೀವ ತೆಗೆದುಕೋ ಎಂದು ದೇವರಿಗೆ ಹೇಳಿ. ದೂತ ಬಂದ. ಸಮಾಧಾನ ಹೇಳಲಿಲ್ಲ, ಎಲ್ಲ ಸರಿಹೋಗುತ್ತದೆ ಎನ್ನಲಿಲ್ಲ. ತಲೆಯ ಬಳಿ ಕೆಂಡದ ರೊಟ್ಟಿ, ನೀರು ಇಟ್ಟು ಮುಟ್ಟಿ ಎಬ್ಬಿಸಿದ. ಅವನು ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿದ. ಇಷ್ಟನ್ನು ಹೇಳಿ ಮೌಶಿ ಪಾತ್ರೆ ತೊಳೆಯಲು ಹೋದರು.

ಒಂದೆರಡು ದಿನ ಕಳೆದು ನಾನು ಗೋಡೆ ಹಿಡಿದುಕೊಂಡು ಹಾಲಿಗೆ ಬಂದೆ. ಬಂದವಳು ಅಲ್ಲೇ ಕಲ್ಲಾದೆ. ಮೇಜಿನ ಮೇಲೆ ಮಲಿದಾ. ಅವಲಕ್ಕಿ, ಕಾಯಿ, ಹಣ್ಣು, ನಡುವೆ ಗುಲಾಬಿ. ಹರಕೆ ಕೈಗೂಡಿದವರು ಮಾಡುವ ತಟ್ಟೆ, ಕೂಸನ್ನು ಕಳೆದುಕೊಂಡ ಮನೆಯಲ್ಲಿ!

ಅವರನ್ನು ಎಂದೂ ಏಕವಚನದಲ್ಲಿ ಮಾತಾಡಿಸದ ನಾನು ಕಿರುಚಿದೆ. "ತಲಿ ಕೆಟ್ಟದೇನು ನಿಂಗ? ಯಾವ ಹರಕಿ? ಏನು ಕೈಗೂಡೇದ ಇಲ್ಲೆ?"

"ಇದು ನಿಂದಲ್ಲ. ನನ್ನ ಹರಕಿ," ಎಂದರು ಮೌಶಿ. ದನಿ ಏರಿಸಲಿಲ್ಲ. "ಆವತ್ತು ನಿನ್ನ ಗಂಡ ಆಸ್ಪತ್ರೆಯಿಂದ ಫೋನ್ ಮಾಡಿದ. ಇಬ್ಬರೂ ಉಳಿಯೂದು ಕಷ್ಟ ಅಂತ ಡಾಕ್ಟರ್ ಅಂದ್ರು ಅಂದ. ನಾ ಬಾಗಲಾ ಹಾಕ್ಕೊಂಡು ಮಾಲೀಕನ ಮುಂದ ನಿಂತೆ. ಇಬ್ಬರನ್ನೂ ಕೊಡು ಅಂದೆ. ಕೊಡೂ ಹಂಗ ಕಾಣಲಿಲ್ಲ… ಒಂದಕ್ಕ ಇಳಿದೆ."

ಗಿರಾವೀನಿನ ಆ ಮಧ್ಯಾಹ್ನ ನಾನು ಆಡಿದ ಮಾತು, ನನ್ನದೇ ಮಾತು…

"ಯಾರನ್ನ ಕೇಳಿದ್ರಿ?" ಎಂದೆ. "ಒಂದಕ್ಕ ಇಳಿದಾಗ, ಯಾರನ್ನ ಕೊಡು ಅಂತ ಕೇಳಿದ್ರಿ ಮೌಶಿ?"

ಮೌಶಿ ಬಾಳೆಹಣ್ಣು ಸುಲಿಯುತ್ತಿದ್ದರು. ಸುಲಿದು ಮುಗಿಯಿತು, ಹೋಳು ಮಾಡಿದರು, ಒಂದು ಹೋಳನ್ನು ನನ್ನ ಬಾಯಿಗೆ ಹಿಡಿದರು. ಅಡುಗೆಮನೆಯ ಬಾಗಿಲಲ್ಲಿ ಯಜಮಾನರು ಈ ಕಡೆ ಬೆನ್ನು ಮಾಡಿ ನಿಂತಿದ್ದರು. ನಾನು ಆ ಹೋಳು ತಿಂದೆ.

ಎದ್ದೆ, ಅಂತೂ ಎದ್ದೆ. ಅಂಗಡಿ ಹಾಕಿದೆ, ಬೆಳೆಸಿದೆ. ಬೇರೆ ಮಕ್ಕಳಾಗಲಿಲ್ಲ. ಈಗಲೂ ಯಾರ ಮನೆಯಲ್ಲಾದರೂ ಹೀಗೆ ಹೊಟ್ಟೆಯ ಕೂಸು ಹೋಯಿತೆಂದರೆ ನಾನು ಹೋಗುತ್ತೇನೆ. ನೀವೂ ಹೋಗಿ. ಸೂತಕ ಉಂಟೋ ಇಲ್ಲವೋ ಎಂದು ಬಾಗಿಲಲ್ಲಿ ನಿಲ್ಲಬೇಡಿ. ರೊಟ್ಟಿ ಒಯ್ಯಿರಿ, ಮಾತು ಒಯ್ಯಬೇಡಿ.

ತೊಂಬತ್ತರ ದಶಕ ಮುಗಿಯುವ ಮೊದಲೇ ಮೌಶಿ ಹೋದರು. ಅವರಲ್ಲಿ ಮಣ್ಣಿಗಿಡುವುದಕ್ಕೆ ತಡ ಮಾಡುವುದಿಲ್ಲ. ನಾನು ವಿಮಾನ ಹಿಡಿದು ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಗೋರಿಯ ಮೇಲೆ ಹೂವಿನ ಬದಲು ಕಲ್ಲಿಡುತ್ತಾರೆಂದು ಪಕ್ಕದಲ್ಲಿದ್ದವರು ಹೇಳಿದರು. ಒಂದು ಕಲ್ಲು ಹುಡುಕಿ ಇಟ್ಟೆ. ಯಾರನ್ನು ಕೇಳಿದಿರಿ ಎಂಬ ಪ್ರಶ್ನೆ ಹಾಗೇ ನನ್ನ ಜೊತೆ ಮೆಲ್ಬರ್ನಿಗೆ ಹಿಂದಿರುಗಿತು.

ಟೂಂಗಾಬಿಯ ಅಂಗಡಿಯಲ್ಲಿ ಅವಲಕ್ಕಿ, ತೆಂಗಿನಕಾಯಿ, ಏಲಕ್ಕಿ, ಒಂದು ಗುಲಾಬಿ ತೆಗೆದುಕೊಂಡೆ. ಕೌಂಟರಿನ ಹುಡುಗಿ, "ಗುಲಾಬಿ ಬಾಡಿದೆ ಆಂಟಿ, ಫ್ರೀ ತಗೊಳ್ಳಿ," ಎಂದಳು. ಬೇಡವೆಂದು, ಬರೆದಿದ್ದ ಬೆಲೆಯನ್ನೇ ಕೊಟ್ಟೆ. ಜೀವಮಾನದಲ್ಲಿ ನಾನು ಹೀಗೆ ಮಾಡಿದ್ದನ್ನು ಕಾಣದ ಯಜಮಾನರು ಕಾರಿನಲ್ಲಿ ಕೂತ ಮೇಲೂ ನನ್ನನ್ನೇ ನೋಡುತ್ತಿದ್ದರು. ತೊಡೆಯ ಮೇಲಿನ ಚೀಲದಿಂದ ಆ ವಾಸನೆ ಏಳುತ್ತಿತ್ತು. ಅವರು ಕಾರು ಶುರು ಮಾಡಲಿಲ್ಲ.

"ಅವತ್ತು ಆಸ್ಪತ್ರಿಯಿಂದ ಫೋನ್ ಮಾಡಿದಾಗ ಮೌಶಿ ನನ್ನ ಕೇಳಿದ್ರು," ಎಂದರು. "ಒಬ್ಬರಿಗೇ ಇಳೀಬೇಕಾದ್ರ ಯಾರ ಹೆಸರು ಹೇಳ್ಲಿ ಅಂತ."

ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೆವು.

"ನೀವೇನಂದ್ರಿ?"

ಅವರ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು.

"ಅಕಿಗಿನ್ನೂ ಹೆಸರು ಇಟ್ಟಿರಲಿಲ್ಲಲ್ಲ… ನನ್ನ ಬಾಯಿಗೆ ಬಂದದ್ದು ನಿಂದೊಂದ ಹೆಸರು."